ಯಂತ್ರ ಕೊಳ್ಳುವ ಮೊದಲು ಮುಚ್ಚಳ ನೋಡಿ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಆ ಬಣ್ಣದ ಘಟಕಕ್ಕೆ ಸಂಜೆ ನಾಲ್ಕರ ಹೊತ್ತಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ರಬ್ಬರ್ ಸುತ್ತಿಗೆಯ ಸದ್ದು. 20 ಲೀಟರಿನ ಬಕೆಟ್ಟಿಗೆ ಎಮಲ್ಷನ್ (ನೀರಿನಲ್ಲಿ ಕಲಸಿದ ಗೋಡೆ ಬಣ್ಣ) ತುಂಬಿ, ಮೇಲೆ ಮುಚ್ಚಳ ಇಟ್ಟು, ಹುಡುಗನೊಬ್ಬ ಅಂಚಿನ ಸುತ್ತ ಬಡಿಯುತ್ತ ಹೋಗುತ್ತಾನೆ. ಆರು ಏಟಿಗೆ ಮುಕ್ಕಾಲು ಭಾಗ ಕೂರುತ್ತದೆ. ಏಳನೆಯ ಏಟಿಗೆ ಈಚೆಯ ಅಂಚು ಕೂತರೆ ಆಚೆಯದು ಎದ್ದುಕೊಳ್ಳುತ್ತದೆ. ಅದನ್ನೂ ಬಡಿದು ಕೂರಿಸಿ, ಹೆಬ್ಬೆರಳಿನಿಂದ ಸುತ್ತ ಒಮ್ಮೆ ಒತ್ತಿ ನೋಡಿ ಪಕ್ಕಕ್ಕೆ ಸರಿಸುತ್ತಾನೆ. ದಿನಕ್ಕೆ ಇಂತಹ ಸುಮಾರು ಮುನ್ನೂರು ಬಕೆಟ್ಟುಗಳು.

ಘಟಕದ ಮಾಲೀಕರು ನನ್ನನ್ನು ಕರೆಸಿದ್ದು ಮೂರು ಕೊಟೇಶನ್‌ಗಳನ್ನು ಹೋಲಿಸಿ ನೋಡಲು. ಮೂರೂ ತುಂಬುವ ಯಂತ್ರದ್ದು: ಎರಡು ನಾಜಲ್ (ದ್ರವ ಸುರಿಯುವ ಕೊಳವೆ), ನಾಲ್ಕು ನಾಜಲ್, ಟಚ್‌ಸ್ಕ್ರೀನ್, ಇತ್ಯಾದಿ. ಮುಚ್ಚಳದ ಬಗ್ಗೆ ಯಾವುದರಲ್ಲೂ ಒಂದು ಸಾಲಿಗಿಂತ ಹೆಚ್ಚಿರಲಿಲ್ಲ. ಆದರೆ ಅವರ ತಲೆನೋವು ಏನೆಂದು ಕೇಳಿದರೆ, "ಕಾರವಾರಕ್ಕೆ ಹೋದ ಮಾಲಿನಲ್ಲಿ ಸೋರಿಕೆ, ವ್ಯಾಪಾರಿಗಳು ಹಿಂದಿರುಗಿಸುತ್ತಿದ್ದಾರೆ ಸರ್" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ದೊಡ್ಡ ಬಕೆಟ್ ತುಂಬುವ ಯಂತ್ರಗಳ ಸಾಲನ್ನು ಹೊಸದಾಗಿ ಹಾಕಿಕೊಳ್ಳುವ ಬಹಳಷ್ಟು ಸಣ್ಣ ಘಟಕಗಳಲ್ಲಿ ನಾನು ಕಂಡಿರುವ ತಪ್ಪು ಇದು: ಕಣ್ಣಿಗೆ ಕಾಣುವ, ಹೊಳೆಯುವ ಯಂತ್ರಕ್ಕೆ ಹಣ ಹೋಗುತ್ತದೆ. ಬಕೆಟ್ಟಿನ ಬಾಯಿಯನ್ನು ಮಾತ್ರ ಯಾರೂ ತಿರುಗಿ ನೋಡುವುದಿಲ್ಲ.

ಹಾಗಾಗಿ ನಾನು ಲೆಕ್ಕವನ್ನು ಹಿಂದಿನಿಂದ ಶುರುಮಾಡುತ್ತೇನೆ. ಮೊದಲು ಮುಚ್ಚಳ, ಆಮೇಲೆ ದ್ರವ, ಕೊನೆಗೆ ವೇಗ.

ಪ್ಲಾಸ್ಟಿಕ್ ಬಕೆಟ್ಟಿನ ಮುಚ್ಚಳ ಒತ್ತಿ ಕೂರಿಸುವಂಥದ್ದು. ಮುಚ್ಚಳದ ಅಂಚಿನ ಒಳಗೆ ಒಂದು ತೋಡು ಇರುತ್ತದೆ. ಅದರಲ್ಲಿ ಸಂದು ಮುಚ್ಚುವ ರಬ್ಬರಿನ ಅಥವಾ ಫೋಮಿನ ಬಳೆ, ಅಂದರೆ ಗ್ಯಾಸ್ಕೆಟ್ ಇರುತ್ತದೆ. ಬಕೆಟ್ಟಿನ ಬಾಯಂಚು ಆ ತೋಡಿಗೆ ನುಗ್ಗಿ, ಗ್ಯಾಸ್ಕೆಟ್ಟನ್ನು ಅದುಮಿ, ಹೊರಗಿನ ಕೊಕ್ಕೆ ಕಚ್ಚಿಕೊಂಡರೆ ಮುಚ್ಚಿದಂತೆ. ಈ ಕೊಕ್ಕೆ ಸುತ್ತಲೂ ಒಂದೇ ಸಲ, ಒಂದೇ ಆಳಕ್ಕೆ ಕಚ್ಚಬೇಕು. ಸುತ್ತಿಗೆಗೆ ಅದು ಸಾಧ್ಯವಿಲ್ಲ, ಏಕೆಂದರೆ ಅದು ಒಂದು ಸಲಕ್ಕೆ ಒಂದೇ ಜಾಗಕ್ಕೆ ಬಡಿಯುತ್ತದೆ. ಹುಡುಗನ ಹೆಬ್ಬೆರಳು ಕೊಕ್ಕೆ ಕೂತಿದೆಯೇ ಎಂದು ಹೇಳಬಲ್ಲದು, ಒಳಗೆ ಗ್ಯಾಸ್ಕೆಟ್ ಮಡಚಿದೆಯೇ ಎಂದು ಹೇಳಲಾರದು.

ಇದಕ್ಕೆ ಎರಡು ಬಗೆಯ ಯಂತ್ರಗಳಿವೆ. ಒಂದರಲ್ಲಿ ಕನ್ವೇಯರ್ ಮೇಲೆ ಸಾಗುವ ಬಕೆಟ್, ಇಳಿಜಾರಾಗಿ ಜೋಡಿಸಿದ ರೋಲರುಗಳ ಕೆಳಗೆ ಹಾದುಹೋಗುತ್ತದೆ. ಮುಚ್ಚಳ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೂರುತ್ತ ಹೋಗುವುದರಿಂದ ಒಳಗಿನ ಹೆಚ್ಚುವರಿ ಗಾಳಿ ಹಿಂದಿನಿಂದ ಹೊರಬರುತ್ತದೆ. ನಿಲ್ಲದೆ ಓಡುವ ಸಾಲಿಗೆ ಇದು ಚೆನ್ನ. ಇನ್ನೊಂದು, ಮೇಲಿನಿಂದ ಇಳಿಯುವ ತಟ್ಟೆಯ ಪ್ರೆಸ್. ಗಾಳಿಯ ಒತ್ತಡದಿಂದ ಪಿಸ್ಟನ್ ತಳ್ಳುವ ಸಿಲಿಂಡರಿನಿಂದ ನಡೆಯುವ ಇದು ಅಗ್ಗ, ಸರಳ, ಗಂಟೆಗೆ ನೂರು ಬಕೆಟ್ಟಿನ ಒಳಗಿನ ಕೆಲಸಕ್ಕೆ ಧಾರಾಳ ಸಾಕು. ಆದರೆ ತಟ್ಟೆ ಒತ್ತಬೇಕಾದದ್ದು ಮುಚ್ಚಳದ ಅಂಚನ್ನು, ನಡುವನ್ನಲ್ಲ. ನಡು ಒತ್ತಿದರೆ ಮುಚ್ಚಳ ತಟ್ಟೆಯಂತೆ ಬಗ್ಗಿ ಅಂಚು ಮೇಲೇಳುತ್ತದೆ. ಲೂಬ್ರಿಕೆಂಟ್ ಬಕೆಟ್ಟಿನ ಹಾಗೆ ಮುಚ್ಚಳದ ನಡುವೆ ಎಳೆದು ಎಬ್ಬಿಸುವ ಮೂತಿ ಇದ್ದರೆ ತಟ್ಟೆಯಲ್ಲಿ ಅದಕ್ಕೊಂದು ಕುಳಿ ಬೇಕು. ಇಲ್ಲದಿದ್ದರೆ ಮೊದಲ ದಿನವೇ ಮೂತಿ ಒಳಗೆ ಹೋಗಿರುತ್ತದೆ.

ಪ್ರೆಸ್ಸಿನ ಬಲ ಎಷ್ಟು ಎಂದು ಕೇಳಿದರೆ ಮಾರುವವರು ಸಿಲಿಂಡರಿನ ಅಳತೆ ಹೇಳುತ್ತಾರೆ. ಬಲದ ಲೆಕ್ಕ ನಾವೇ ಹಾಕಬಹುದು. 100 ಮಿ.ಮೀ ವ್ಯಾಸದ ಸಿಲಿಂಡರಿನ ಮುಖ 78.5 ಚದರ ಸೆಂಟಿಮೀಟರ್. 6 ಬಾರ್ ಒತ್ತಡದ ಗಾಳಿಯಲ್ಲಿ ಅದು ಸುಮಾರು 480 ಕೆ.ಜಿ ತೂಕದಷ್ಟು ಒತ್ತುತ್ತದೆ. ಅದೇ ಕಂಪ್ರೆಸರಿನಿಂದ ಪಕ್ಕದ ಶೆಡ್ಡಿನಲ್ಲಿ ಯಾರೋ ಗಾಳಿಯ ಮಿಕ್ಸರ್ ಶುರುಮಾಡಿ ಒತ್ತಡ 4 ಬಾರ್‌ಗೆ ಇಳಿದರೆ ಬಲ 320 ಕೆ.ಜಿಗೆ ಬರುತ್ತದೆ. ತಟ್ಟೆ ಇಳಿಯುತ್ತದೆ, ಏರುತ್ತದೆ, ನೋಡಲು ಎಲ್ಲ ಎಂದಿನಂತೆ. ಮುಚ್ಚಳ ಮಾತ್ರ ಅರ್ಧ ಕೂತಿರುತ್ತದೆ. ಆದ್ದರಿಂದ ಒತ್ತಡ ಕಡಿಮೆಯಾದರೆ ಯಂತ್ರ ತಾನೇ ನಿಲ್ಲುವ ಪ್ರೆಷರ್ ಸ್ವಿಚ್ ಇದೆಯೇ ಎಂದು ಕೇಳಿ. ಟಚ್‌ಸ್ಕ್ರೀನಿಗಿಂತ ಅದು ಮುಖ್ಯ. ಡಿಸೆಂಬರಿನ ಧಾರವಾಡದ ಬೆಳಗಿನಲ್ಲಿ ಪ್ಲಾಸ್ಟಿಕ್ ಬಿರುಸಾಗಿರುತ್ತದೆ, ಮಧ್ಯಾಹ್ನದಷ್ಟು ಸಲೀಸಾಗಿ ಕೂರುವುದಿಲ್ಲ. ಬೇಕಾದ ಬಲಕ್ಕಿಂತ ಸ್ವಲ್ಪ ಹೆಚ್ಚು ಕೈಯಲ್ಲಿರಬೇಕು ಎನ್ನುವುದು ಅದಕ್ಕೇ.

ತಗಡಿನ ಬಕೆಟ್ಟಿನ ಕತೆ ಬೇರೆ. ಅದರ ಮುಚ್ಚಳದ ಸುತ್ತ ಕಿವಿಗಳಿರುತ್ತವೆ; ಅವನ್ನು ಬಕೆಟ್ಟಿನ ಸುರುಳಿ ಅಂಚಿನ ಕೆಳಕ್ಕೆ ಮಡಚಬೇಕು. ಕೈಯಿಂದ ಮಡಚುವ ಉಪಕರಣ ಇದೆ. ಎಲ್ಲ ಕಿವಿಗಳನ್ನೂ ಒಂದೇ ಸಲ ಒಳಕ್ಕೆ ಒತ್ತುವ ಯಂತ್ರವೂ ಇದೆ. ಇಲ್ಲಾ, ಸುತ್ತ ಬಳೆ ಹಾಕಿ ಸನ್ನೆಗೋಲಿನಿಂದ ಬಿಗಿಯುವ ಬಗೆ. ದಿನಕ್ಕೆ ಐವತ್ತು ಬಕೆಟ್ ಇದ್ದರೆ ಬಳೆಯೇ ಸಾಕು, ಯಂತ್ರದ ಗೊಡವೆ ಬೇಡ.

ಇನ್ನು ಕಾರವಾರದ ಸೋರಿಕೆ. ಮಾಲೀಕರು ದೂರಿದ್ದು ಲಾರಿಯವರನ್ನು. ಲಾರಿಯವರ ತಪ್ಪೂ ಇದ್ದೀತು, ಆದರೆ ಮೊದಲು ಮುಚ್ಚಳದ ಮೇಲೆ ಎಷ್ಟು ಭಾರ ಬೀಳುತ್ತದೆ ನೋಡೋಣ. ಬಿಳಿ ಎಮಲ್ಷನ್ ಲೀಟರಿಗೆ ಸುಮಾರು 1.4 ಕೆ.ಜಿ ತೂಗುತ್ತದೆ. 20 ಲೀಟರಿಗೆ 28 ಕೆ.ಜಿ, ಬಕೆಟ್ ಸೇರಿ 29. ಮೂರು ಎತ್ತರಕ್ಕೆ ಪೇರಿಸಿದರೆ ಕೆಳಗಿನ ಮುಚ್ಚಳದ ಮೇಲೆ 58 ಕೆ.ಜಿ. ನಾಲ್ಕು ಪೇರಿಸಿದರೆ 87. ಇದು ನಿಂತಾಗಿನ ತೂಕ. ಲಾರಿ ಗುಂಡಿಗೆ ಇಳಿದಾಗ ಬೀಳುವ ಏಟು ಬೇರೆ. ಅದರ ಮೇಲೆ ಹುಬ್ಬಳ್ಳಿಯಿಂದ ಅಂಕೋಲೆಗೆ ಅರಬೈಲು ಘಾಟಿ ಇಳಿಯುವಾಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಭಾರ ಸೇರುತ್ತದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ. ಇಲ್ಲಿ ಮುಚ್ಚಿದ ಬಕೆಟ್ಟಿನೊಳಗಿನ ಗಾಳಿ ಇಲ್ಲಿಯದೇ. ಕರಾವಳಿಗೆ ಇಳಿದರೆ ಹೊರಗಿನ ಗಾಳಿಯ ಒತ್ತಡ ನೂರಕ್ಕೆ ಏಳೆಂಟರಷ್ಟು ಹೆಚ್ಚು. 28 ಸೆಂ.ಮೀ ಅಗಲದ ಮುಚ್ಚಳಕ್ಕೆ ಇದನ್ನು ಗುಣಿಸಿದರೆ 45 ಕೆ.ಜಿಗೂ ಮೀರಿದ ತಳ್ಳು. ಬಕೆಟ್ಟಿನ ಗೋಡೆ ಒಳಕ್ಕೆ ಬಾಗಿ ಅದರ ಬಹುಪಾಲನ್ನು ನುಂಗಿಕೊಳ್ಳುತ್ತದೆ ನಿಜ. ಕಾರವಾರದಲ್ಲಿ ಇಳಿಸಿದ ಬಕೆಟ್ಟುಗಳು ಸೊಟ್ಟಗೆ ಕಾಣುವುದು ಅದಕ್ಕೇ. ಆದರೆ ಗೋಡೆ ಬಾಗಿದಾಗ ಬಾಯಿಯೂ ಗುಂಡಗೆ ಉಳಿಯುವುದಿಲ್ಲ. ಅರ್ಧ ಕೂತ ಮುಚ್ಚಳ ಆಗ ಬಿಟ್ಟುಕೊಡುತ್ತದೆ.

ಬಿಸಿ ಇರುವಾಗಲೇ ತುಂಬಿದರೂ ಇದೇ ಪಾಡು. ಎಣ್ಣೆ ಅಥವಾ ಗ್ರೀಸ್ ಬಿಸಿಯಾಗಿ ಹೋಗಿ, ಮುಚ್ಚಿದ ಮೇಲೆ ತಣಿದರೆ ಒಳಗೆ ಎಳೆತ ಹುಟ್ಟುತ್ತದೆ. ತಣಿಸಿ ತುಂಬಿ, ಅಥವಾ ತಣಿದ ಮೇಲೆ ಮುಚ್ಚಿ.

ಈಗ ತುಂಬುವ ಯಂತ್ರಕ್ಕೆ ಬರೋಣ. ದೊಡ್ಡ ಬಕೆಟ್ಟಿಗೆ ಲೀಟರಿನ ಅಳತೆಯಿಂದ ತುಂಬಬೇಕೋ ತೂಕದಿಂದಲೋ ಎನ್ನುವುದು ಮೊದಲ ಪ್ರಶ್ನೆ. ನನ್ನ ಒಲವು ತೂಕದ ಕಡೆಗೆ. ಅಳತೆಯ ಯಂತ್ರಕ್ಕೆ ದ್ರವದೊಳಗಿನ ಗುಳ್ಳೆಯೂ ಮಾಲೇ. ಮಿಕ್ಸರಿನಿಂದ ಆಗಷ್ಟೇ ಇಳಿದ ಎಮಲ್ಷನ್ನಿನಲ್ಲಿ ಗಾಳಿ ಇದ್ದೇ ಇರುತ್ತದೆ, ಮರುದಿನ ಮುಚ್ಚಳ ತೆರೆದರೆ ಮಟ್ಟ ಇಳಿದಿರುತ್ತದೆ. ಎಣ್ಣೆಯಾದರೆ ಬಿಸಿಲಿನ ಆಟ: ಖನಿಜ ತೈಲ 10 ಡಿಗ್ರಿ ಬಿಸಿಯಾದರೆ 20 ಲೀಟರಿನಲ್ಲಿ ಸುಮಾರು 140 ಮಿ.ಲೀ ಹಿಗ್ಗುತ್ತದೆ. ತೂಕ ಅಳೆಯುವ ಲೋಡ್ ಸೆಲ್ಲಿನ ಮೇಲೆ ಬಕೆಟ್ ಇಟ್ಟು ತೂಗುತ್ತ ತುಂಬಿದರೆ ಇವೆರಡೂ ತೂಕವನ್ನು ಕೆಡಿಸುವುದಿಲ್ಲ.

ಹಾಗೆಂದು ತೂಕದ ಯಂತ್ರ ತಂದರೆ ಮುಗಿಯಿತು ಎಂದುಕೊಳ್ಳಬೇಡಿ. ಡಿಸ್ಟೆಂಪರನ್ನು ಕೆ.ಜಿ ಲೆಕ್ಕದಲ್ಲಿ ಮಾರುತ್ತಾರೆ, ಅಲ್ಲಿ ತೊಂದರೆ ಇಲ್ಲ. ಎಮಲ್ಷನ್ ಮಾರುವುದು ಲೀಟರಿನಲ್ಲಿ. ತೂಕವನ್ನು ಲೀಟರಿಗೆ ತಿರುಗಿಸಲು ಆ ಬ್ಯಾಚಿನ ಒಂದು ಲೀಟರಿನ ತೂಕ ಗೊತ್ತಿರಬೇಕು. ತಾರಿಹಾಳದಲ್ಲಿ ಅದನ್ನು ತಿಂಗಳ ಹಿಂದೊಮ್ಮೆ ಅಳೆದು ಗೋಡೆಯ ಮೇಲೆ ಬರೆದಿದ್ದರು: 1.40. ಅದರಂತೆ 28 ಕೆ.ಜಿ ತುಂಬುತ್ತಿದ್ದರು. ನಾನು ಅವರದೇ 100 ಮಿ.ಲೀ ಬಟ್ಟಲಿನಲ್ಲಿ ಆ ದಿನದ ಬ್ಯಾಚ್ ತೂಗಿದೆ, ಲೀಟರಿಗೆ 1.42 ಬಂತು. 28ನ್ನು 1.42ರಿಂದ ಭಾಗಿಸಿದರೆ 19.72. ಪ್ರತಿ ಬಕೆಟ್ಟಿನಲ್ಲೂ 280 ಮಿ.ಲೀ ಕಡಿಮೆ. 2011ರ ಪೊಟ್ಟಣ ಸರಕುಗಳ ನಿಯಮದಲ್ಲಿ 15 ಲೀಟರಿಗೆ ಮೇಲ್ಪಟ್ಟ ಪೊಟ್ಟಣಕ್ಕೆ ಕ್ಷಮಿಸುವ ಕೊರತೆ ನೂರಕ್ಕೆ ಒಂದು, ಅಂದರೆ 20 ಲೀಟರಿಗೆ 200 ಮಿ.ಲೀ. ಅದೂ ಒಂದೊಂದು ಬಕೆಟ್ಟಿಗೆ. ಮಾದರಿಗೆ ತೆಗೆದ ಬಕೆಟ್ಟುಗಳ ಸರಾಸರಿ ಮುದ್ರಿಸಿದ ಅಳತೆಗಿಂತ ಕಡಿಮೆ ಇರುವಂತಿಲ್ಲ. ಎರಡನೆಯ ದಶಾಂಶದ ವ್ಯತ್ಯಾಸವೊಂದೇ ಮಾಲೀಕರನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುಂದೆ ನಿಲ್ಲಿಸಲು ಸಾಕಿತ್ತು. ಪ್ರತಿ ಬ್ಯಾಚಿಗೂ ಬಟ್ಟಲು ಹಿಡಿಯಿರಿ, ಗೋಡೆಯ ಬರಹ ಅಳಿಸಿ. ತೂಕದ ಯಂತ್ರಕ್ಕೆ ಇಲಾಖೆಯ ಸತ್ಯಾಪನೆಯ ಮುದ್ರೆಯೂ ಬೇಕು. ಕೊಟೇಶನ್ನಿನಲ್ಲಿ ಅದನ್ನು ಯಾರು ಮಾಡಿಸಿಕೊಡುತ್ತಾರೆ ಎಂದು ಬರೆಸಿಕೊಳ್ಳಿ.

ಹೆದರಿ ಹೆಚ್ಚು ತುಂಬಿದರೂ ನಷ್ಟವೇ. ಬಕೆಟ್ಟಿಗೆ 50 ಗ್ರಾಂ ಹೆಚ್ಚು, ದಿನಕ್ಕೆ 300 ಬಕೆಟ್, ವರ್ಷಕ್ಕೆ 300 ದಿನ: ನಾಲ್ಕೂವರೆ ಟನ್ ಬಣ್ಣ ಪುಕ್ಕಟೆ. ಇದನ್ನು ತಡೆಯಲು ಒಳ್ಳೆಯ ಯಂತ್ರ ಎರಡು ವೇಗದಲ್ಲಿ ತುಂಬುತ್ತದೆ. ಮೊದಲ 27 ಕೆ.ಜಿಯನ್ನು ಧೋ ಎಂದು ಸುರಿದು, ಉಳಿದದ್ದನ್ನು ಸಣ್ಣ ಧಾರೆಯಲ್ಲಿ ಇಳಿಸುತ್ತದೆ. ವಾಲ್ವ್ ಮುಚ್ಚಿದ ಕ್ಷಣದಲ್ಲಿ ನಾಜಲಿಗೂ ಬಕೆಟ್ಟಿಗೂ ನಡುವೆ ಗಾಳಿಯಲ್ಲಿರುವ ಧಾರೆಯನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಅಂಗಡಿಯಲ್ಲಿ ಸಕ್ಕರೆ ತೂಗುವವನು ಕೊನೆಗೆ ಚಿಟಿಕೆ ಚಿಟಿಕೆಯಾಗಿ ಹಾಕುವುದಿಲ್ಲವೇ, ಹಾಗೆ.

ನಾಜಲ್ ಎಲ್ಲಿರಬೇಕು ಎನ್ನುವುದನ್ನು ದ್ರವವೇ ಹೇಳುತ್ತದೆ. ಮೇಲಿನಿಂದ ಸುರಿದರೆ ನೊರೆ ಬರುವ ಎಮಲ್ಷನ್, ಸೋಪಿನ ದ್ರಾವಣಗಳಿಗೆ ಬಕೆಟ್ಟಿನ ತಳದವರೆಗೆ ಇಳಿದು ಮಟ್ಟ ಏರಿದಂತೆ ತಾನೂ ಏರುವ ನಾಜಲ್ ಬೇಕು. ಎನಾಮೆಲ್, ಥಿನ್ನರ್‌ನಂತಹ ಹೊತ್ತಿಕೊಳ್ಳುವ ದ್ರವಗಳಿಗೂ ತಳದಿಂದಲೇ ತುಂಬಬೇಕು, ಆದರೆ ಕಾರಣ ನೊರೆಯಲ್ಲ. ಎತ್ತರದಿಂದ ಚಿಮ್ಮುತ್ತ ಬೀಳುವ ದ್ರವದಲ್ಲಿ ಸ್ಥಿರ ವಿದ್ಯುತ್ ಕೂಡುತ್ತದೆ. ಕಿಡಿ ಹಾರಿದರೆ ಶೆಡ್ಡು ಉಳಿಯುವುದಿಲ್ಲ. ಅಲ್ಲಿ ತಗಡಿನ ಬಕೆಟ್, ಅದಕ್ಕೆ ಅರ್ಥಿಂಗ್ ಕ್ಲಿಪ್, ಫ್ಲೇಮ್‌ಪ್ರೂಫ್ ಮೋಟಾರ್, ಸಾಧ್ಯವಾದಷ್ಟೂ ಗಾಳಿಯಿಂದ ನಡೆಯುವ ನಿಯಂತ್ರಣ. ಪ್ಲಾಸ್ಟಿಕ್ ಬಕೆಟ್ಟಿಗೆ ಅರ್ಥಿಂಗ್ ಕೊಟ್ಟು ಫಲವಿಲ್ಲ, ವಿದ್ಯುತ್ ಅದರ ಮೂಲಕ ಹರಿಯುವುದೇ ಇಲ್ಲ. ನೀರಿನ ಬಣ್ಣಕ್ಕೆ ಕೊಂಡ ಯಂತ್ರದಲ್ಲಿ "ಇವತ್ತೊಂದು ದಿನ" ಎನಾಮೆಲ್ ತುಂಬುವವರನ್ನು ಕಂಡಿದ್ದೇನೆ. ಈ ಒಂದು ವಿಷಯದಲ್ಲಿ ನನ್ನಲ್ಲಿ ಸಡಿಲಿಕೆ ಇಲ್ಲ.

ಹಾವೇರಿ ಕಡೆಯವರು ಕೇಳುವುದು ಮೆಣಸಿನಕಾಯಿಯ ಬಗ್ಗೆ. ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆಯುವ ಗಟ್ಟಿ ಸಾರ, ಓಲಿಯೋರೆಸಿನ್, ಜೇನಿನಂತೆ ದಪ್ಪ, ಅದರ ಕೆಂಪು ಮುಟ್ಟಿದ್ದಕ್ಕೆಲ್ಲ ಹಿಡಿಯುತ್ತದೆ. ತಾನಾಗಿ ಹರಿದು ಬರಲಿ ಎಂದು ಕಾದರೆ ಕಾಯುತ್ತಲೇ ಇರಬೇಕು. ಗೇರ್ ಪಂಪ್ ಬೇಕು. ಖಾರದ ಪೇಸ್ಟಿಗೆ, ಉಪ್ಪಿನಕಾಯಿಗೆ ಅದೂ ಆಗದು. ಹೋಳು ಜಜ್ಜಿಹೋಗುತ್ತದೆ, ಬೀಜ ಗೇರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಗಲ ಬಾಯಿಯ ವಾಲ್ವ್ ಇರುವ ಪಿಸ್ಟನ್ ಯಂತ್ರವೇ ಸರಿ. ಇಲ್ಲಿ ಇನ್ನೊಂದು ಸಣ್ಣ ಬಲೆ ಇದೆ. ಆಹಾರಕ್ಕೆ ಒಗ್ಗುತ್ತದೆ ಎಂದು ಇಪಿಡಿಎಂ ರಬ್ಬರಿನ ವಾಷರ್ ಹಾಕಿಕೊಡುವವರಿದ್ದಾರೆ. ನೀರಿಗೆ ಅದು ಒಳ್ಳೆಯದೇ, ಆದರೆ ಎಣ್ಣೆ ತಗುಲಿದರೆ ಊದಿಕೊಳ್ಳುತ್ತದೆ. ಎಣ್ಣೆ ಇರುವಲ್ಲಿ ನೈಟ್ರೈಲ್ ಅಥವಾ ಟೆಫ್ಲಾನ್ ಕೇಳಿ. ಆಹಾರಕ್ಕಾದರೆ ಆಹಾರ ದರ್ಜೆಯದೇ ಎಂದು ಬರಹದಲ್ಲಿ ಪಡೆಯಿರಿ. ಉಪ್ಪು ಮುಟ್ಟುವ ಭಾಗಗಳು 316 ದರ್ಜೆಯ ಸ್ಟೀಲ್ ಆಗಿರಲಿ, 304ಕ್ಕೆ ಉಪ್ಪು ಕ್ರಮೇಣ ಚುಕ್ಕೆ ಬೀಳಿಸುತ್ತದೆ.

ತುಂಬುವ ಯಂತ್ರಕ್ಕೂ ಮುಚ್ಚಳಕ್ಕೂ ನಂಟು ಎಲ್ಲಿ ಎಂದರೆ, ಒಂದು ಹನಿಯಲ್ಲಿ. ನಾಜಲಿನಿಂದ ತೊಟ್ಟಿಕ್ಕಿದ ಒಂದು ಹನಿ ಬಕೆಟ್ಟಿನ ಬಾಯಂಚಿನ ಮೇಲೆ ಬಿದ್ದರೆ ಸಾಕು. ಎಮಲ್ಷನ್ ಅಲ್ಲೇ ಒಣಗಿ ದಿಬ್ಬವಾಗುತ್ತದೆ, ಗ್ಯಾಸ್ಕೆಟ್ ಅದರ ಮೇಲೆ ಕೂತು ಎರಡು ಪಕ್ಕದಲ್ಲಿ ಸಂದು ಬಿಡುತ್ತದೆ. ಆದ್ದರಿಂದ ತುದಿಯಲ್ಲೇ ಮುಚ್ಚುವ ವಾಲ್ವ್, ತುಂಬಿದ ಮೇಲೆ ಧಾರೆಯನ್ನು ಒಳಕ್ಕೆ ಎಳೆದುಕೊಳ್ಳುವ ವ್ಯವಸ್ಥೆ, ಕೆಳಗೆ ಸರಿದು ಬರುವ ಹನಿತಟ್ಟೆ ಇವು ಶೋಕಿಯಲ್ಲ. ಕೈಗಾರಿಕಾ ವಾಲ್ವುಗಳನ್ನು ಮಾಡುವ ಊರು ಹುಬ್ಬಳ್ಳಿ. ಇಲ್ಲೇ ಕೂತು ತೊಟ್ಟಿಕ್ಕುವ ನಾಜಲಿನ ಕೆಳಗೆ ಹಳೆಯ ಬಟ್ಟೆ ಹಿಡಿದುಕೊಂಡು ನಿಲ್ಲುವುದು ಚೆನ್ನಾಗಿ ಕಾಣುವುದಿಲ್ಲ.

ಮೂತಿ ಇರುವ ಮುಚ್ಚಳಕ್ಕೆ, ಕ್ಯಾನಿಗೆ ತಿರುಗಿಸುವ ಕ್ಯಾಪ್ ಇರುತ್ತದೆ. ಡೀಸೆಲ್ ವಾಹನಗಳಿಗೆ ಹಾಕುವ ಯೂರಿಯಾ ದ್ರಾವಣದ ಬಕೆಟ್, ಎಂಜಿನ್ ಆಯಿಲ್ ಬಕೆಟ್ ನೋಡಿದ್ದೀರಿ. ಕ್ಯಾಪ್ ಬಿಗಿಯುವ ಯಂತ್ರದಲ್ಲಿ ನೋಡಬೇಕಾದದ್ದು ಕ್ಲಚ್: ನಿಗದಿ ಮಾಡಿದ ಬಿಗಿತ ಬಂದ ಕೂಡಲೇ ಅದು ಜಾರಬೇಕು, ಇಲ್ಲದಿದ್ದರೆ ಕ್ಯಾಪಿನ ತಿರುಪಿನ ಗೆರೆ ಹಾಳಾಗುತ್ತದೆ. ಕ್ಯಾಪಿನೊಳಗಿನ ಅಲ್ಯುಮಿನಿಯಂ ಹಾಳೆಯನ್ನು ಬಾಯಿಗೆ ಅಂಟಿಸುವುದು ಇಂಡಕ್ಷನ್ ಸೀಲಿಂಗ್. ಅಡುಗೆಮನೆಯ ಇಂಡಕ್ಷನ್ ಒಲೆಯ ತತ್ವವೇ. ಯಂತ್ರ ಕ್ಯಾಪನ್ನು ಮುಟ್ಟುವುದಿಲ್ಲ, ಒಳಗಿನ ಹಾಳೆ ಮಾತ್ರ ಕಾದು ಅದರ ಪದರ ಕರಗಿ ಬಾಯಿಗೆ ಕಚ್ಚಿಕೊಳ್ಳುತ್ತದೆ. ಮೊದಲು ಕ್ಯಾಪ್ ಬಿಗಿಯಾಗಿರಬೇಕು, ಬಾಯಿ ಒಣಗಿರಬೇಕು. ಸೀಲ್ ಆದ ಮೇಲೆ ಕ್ಯಾಪ್ ತುಸು ಸಡಿಲವಾದರೆ ಗಾಬರಿಯಾಗಬೇಡಿ, ಅದು ಸಹಜ, ಇನ್ನೊಮ್ಮೆ ತಿರುವಿದರಾಯಿತು. ಇಡೀ ಬಕೆಟ್ಟಿನ ಅಗಲ ಬಾಯಿಗೆ ಈ ವಿಧಾನ ಸಾಮಾನ್ಯವಾಗಿ ಬಳಸುವುದಿಲ್ಲ. ಅಲ್ಲಿ ಗ್ಯಾಸ್ಕೆಟ್ಟೇ ಸೀಲು, ಯಾರೂ ತೆರೆದಿಲ್ಲ ಎನ್ನುವುದಕ್ಕೆ ಕಿತ್ತು ತೆಗೆಯುವ ಪಟ್ಟಿಯೇ ಸಾಕ್ಷಿ.

ವೇಗದ ವಿಷಯ ಬೇಗ ಮುಗಿಸುತ್ತೇನೆ. 20 ಲೀಟರ್ ತುಂಬಲು 40 ಸೆಕೆಂಡು, ಬಕೆಟ್ ಇಟ್ಟು ತೆಗೆಯಲು 15 ಎಂದಿಟ್ಟುಕೊಳ್ಳಿ. ಒಂದೇ ನಾಜಲಿನಿಂದ ಗಂಟೆಗೆ 65 ಬಕೆಟ್ ಬರುತ್ತದೆ. ದಿನಕ್ಕೆ ಮುನ್ನೂರಕ್ಕೆ ಐದು ಗಂಟೆಯೂ ಬೇಡ. ನಾಲ್ಕು ನಾಜಲ್ ಏಕೆ? ನಿಜವಾದ ಹೊತ್ತು ಹೋಗುವುದು ಬೇರೆಡೆ: ಒಂದರೊಳಗೊಂದು ಸಿಕ್ಕಿಕೊಂಡ ಖಾಲಿ ಬಕೆಟ್ಟುಗಳನ್ನು ಎಳೆದು ಬಿಡಿಸುವುದರಲ್ಲಿ, ಕನ್ವೇಯರಿಗೆ ಸಿಕ್ಕುವ ಹಿಡಿಕೆ ತಿರುಗಿಸುವುದರಲ್ಲಿ, 29 ಕೆ.ಜಿ ಎತ್ತಿ ಪೇರಿಸುವುದರಲ್ಲಿ. ಬಣ್ಣ ಬದಲಿಸಿದಾಗ ಪೈಪು ತೊಳೆಯುವುದರಲ್ಲಿ ಹೋಗುವ ಹೊತ್ತು, ಹೋಗುವ ಮಾಲು ಇನ್ನೂ ಹೆಚ್ಚು. ಟ್ಯಾಂಕಿನಿಂದ ನಾಜಲಿಗೆ ಪೈಪು ಎಷ್ಟು ಗಿಡ್ಡ, ಎಷ್ಟು ನಿಮಿಷದಲ್ಲಿ ಕಳಚಿ ತೊಳೆಯಬಹುದು ಎಂದು ಕೇಳಿ, ನಿಮ್ಮ ಕಣ್ಣೆದುರೇ ಕಳಚಿಸಿ. ಅಹಮದಾಬಾದಿನಿಂದ ತಂತ್ರಜ್ಞ ಬರುವವರೆಗೆ ಸಾಲು ನಿಲ್ಲಬಾರದು ಎಂದಾದರೆ, ಯಂತ್ರದ ಸಿಲಿಂಡರು, ವಾಷರು, ಲೋಡ್ ಸೆಲ್ ಇಲ್ಲಿಯ ಅಂಗಡಿಯಲ್ಲೇ ಸಿಗುವ ಅಳತೆಯವೇ ಎಂದೂ ನೋಡಿ.

ಯಂತ್ರ ಮಾಡುವವರಲ್ಲಿಗೆ ಪರೀಕ್ಷೆಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಅವರು ನೀರು ತುಂಬಿ ತೋರಿಸುತ್ತಾರೆ. ನೀರನ್ನು ಯಾವ ಯಂತ್ರವೂ ಚೆನ್ನಾಗಿಯೇ ತುಂಬುತ್ತದೆ. ನಿಮ್ಮದೇ ಮಾಲು, ನಿಮ್ಮದೇ ಬಕೆಟ್, ನಿಮ್ಮದೇ ಮುಚ್ಚಳ ಕಟ್ಟಿಕೊಂಡು ಹೋಗಿ. ಎರಡು ಕಡೆಯಿಂದ ಬಕೆಟ್ ಕೊಳ್ಳುವವರಾದರೆ ಎರಡನ್ನೂ ಒಯ್ಯಿರಿ. ನೋಡಲು ಒಂದೇ ತರಹದ ಬಕೆಟ್ಟುಗಳ ಬಾಯಂಚು, ಅಚ್ಚು ಬೇರೆಯಾದರೆ ಒಂದು ಮಿಲಿಮೀಟರು ಅತ್ತಿತ್ತ ಇರುತ್ತದೆ. ಆ ಒಂದು ಮಿಲಿಮೀಟರೇ ಗ್ಯಾಸ್ಕೆಟ್ಟಿನ ಬದುಕು.

ತಾರಿಹಾಳದಲ್ಲಿ ನಾವು ಮಾಡಿದ್ದು ಅದಕ್ಕಿಂತ ಸುಲಭದ್ದು. ಮುಚ್ಚಿದ ಹತ್ತು ಬಕೆಟ್ಟುಗಳನ್ನು ಹಳೆಯ ದಿನಪತ್ರಿಕೆಯ ಮೇಲೆ ತಲೆಕೆಳಗು ಮಾಡಿ ರಾತ್ರಿಯಿಡೀ ಬಿಟ್ಟೆವು. ಐದು ಸುತ್ತಿಗೆಯಿಂದ ಮುಚ್ಚಿದ್ದು. ಐದು, ಗೋಕುಲ ರಸ್ತೆಯ ಪರಿಚಿತರ ವರ್ಕ್‌ಶಾಪಿನಲ್ಲಿದ್ದ ಗಾಳಿ ಪ್ರೆಸ್ಸಿಗೆ ಮರದ ಬಳೆ ಕಟ್ಟಿ ಅಂಚು ಒತ್ತಿಸಿ ತಂದದ್ದು. ಬೆಳಿಗ್ಗೆ ಸುತ್ತಿಗೆಯ ಐದರಲ್ಲಿ ನಾಲ್ಕರ ಕೆಳಗೆ ಬಿಳಿ ಕಲೆ. ಪ್ರೆಸ್ಸಿನ ಐದರಲ್ಲಿ ಒಂದರ ಕೆಳಗೂ ಕಲೆ, ಒಂದೇ ಒಂದು ಜಾಗದಲ್ಲಿ. ಆ ಬಕೆಟ್ಟನ್ನು ನೆಟ್ಟಗೆ ಮಾಡಿ, ಮುಚ್ಚಳ ತೆಗೆದು, ಬಾಯಂಚಿನ ಮೇಲೆ ಉಗುರು ಎಳೆದಾಗ ಕಲೆಯ ಜಾಗದಲ್ಲೇ ಕೂದಲೆಳೆಯಷ್ಟು ಏಣು ಸಿಕ್ಕಿತು. ಎರಡು ಅಚ್ಚುಗಳು ಕೂಡುವಲ್ಲಿ ಉಳಿದ ಪ್ಲಾಸ್ಟಿಕ್. ಗೋದಾಮಿನಲ್ಲಿದ್ದ ಖಾಲಿ ಬಕೆಟ್ಟುಗಳನ್ನು ತೆಗೆದು ನೋಡಿದರೆ ಅದೇ ಕಡೆಯಿಂದ ಬಂದವುಗಳಲ್ಲೆಲ್ಲ ಅದೇ ಏಣು, ಅದೇ ಜಾಗದಲ್ಲಿ.

ಮಾಲೀಕರು ಆ ವಾರ ಎರಡು ಫೋನ್ ಮಾಡಿದರು. ಒಂದು, ಬಕೆಟ್ ಕೊಡುವವರಿಗೆ, ಅಚ್ಚು ಸರಿಮಾಡುವವರೆಗೆ ಮಾಲು ಬೇಡವೆಂದು. ಇನ್ನೊಂದು, ಒಂದು ತಟ್ಟೆ ಪ್ರೆಸ್ಸಿಗೆ, ಪ್ರೆಷರ್ ಸ್ವಿಚ್ ಸಹಿತ. ಮೂರು ಕೊಟೇಶನ್‌ಗಳು ಇನ್ನೂ ಅವರ ಮೇಜಿನ ಡ್ರಾಯರಿನಲ್ಲಿವೆ. ತುಂಬುವುದು ಸದ್ಯಕ್ಕೆ ತಕ್ಕಡಿಯ ಮೇಲೆ ಬಾಲ್ ವಾಲ್ವ್ ತಿರುವಿಯೇ ನಡೆದಿದೆ, ಪಕ್ಕದಲ್ಲಿ 100 ಮಿ.ಲೀ ಬಟ್ಟಲು ಇಟ್ಟುಕೊಂಡು.